ಬಲಕ್ಕೆ ಎಳೆಯುವ ಗಾಡಿ

ನಮ್ಮ ಮಾವನ ಪಿಕಪ್ ಬಲಕ್ಕೆ ಎಳೆಯುತ್ತಿತ್ತು. ಒಂದು ದಿನ ಎರಡು ದಿನ ಅಲ್ಲ, ಹತ್ತಿರ ಹತ್ತಿರ ಐದು ತಿಂಗಳು. ಅಷ್ಟರಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಆಗಿತ್ತು, ಮುಂದಿನ ಎರಡು ಟೈರ್ ಹೊಸದಾಗಿ ಬಂದಿದ್ದವು, ಆಂಜನೇಯನ ಗುಡಿ ಮುಂದೆ ನಿಂಬೆಹಣ್ಣಿನ ಮೇಲೆ ಹತ್ತಿಸಿಯೂ ಆಗಿತ್ತು. ಗಾಡಿ ಮಾತ್ರ ತನ್ನ ಹಟ ಬಿಡಲಿಲ್ಲ. ಕೊನೆಗೆ ಮಾವ ತಾವೇ ಒಂದು ತೀರ್ಮಾನಕ್ಕೆ ಬಂದುಬಿಟ್ಟರು. ಗಾಡಿ ಸರಿಯಾಗೇ ಇದೆ, ಕೆಟ್ಟಿರೋದು ನನ್ನ ಕೈ ಅಂತ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ವಯಸ್ಸು ಐವತ್ತೇಳು. ಚನ್ನಪಟ್ಟಣದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು, ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿದವರು. 1986ರಲ್ಲಿ ಟಾಟಾ 407 ಅನ್ನೋ ಪುಟ್ಟ ಲಾರಿ ಬಂತಲ್ಲ, ಮಾವ ಕೈ ಪಳಗಿಸಿಕೊಂಡದ್ದು ಅದರ ಮೇಲೇ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಅವರ ಓರಗೆಯ ಎಷ್ಟೋ ಡ್ರೈವರುಗಳು ಸಾಲ ಮಾಡಿ ತಾವೇ ಓನರುಗಳಾದರು. ಮಾವ ಸ್ವಲ್ಪ ತಡವಾಗಿ, ಸ್ವಲ್ಪ ದೊಡ್ಡದನ್ನೇ ತಗೊಂಡರು. (ಯಾವ ಕಂಪನಿಯದು ಅಂತ ಕೇಳಬೇಡಿ, ಇದರಲ್ಲಿ ಕಂಪನಿಯ ತಪ್ಪು ಏನೂ ಇಲ್ಲ.) ಈಗ ಅವರ ಕೆಲಸ ನೀರಿನ ಕ್ಯಾನ್ ಹಾಕೋದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೋಣನಕುಂಟೆ ಕಡೆಯಿಂದ ಕ್ಯಾನ್ ತುಂಬಿಕೊಂಡು ಜೆ.ಪಿ. ನಗರದ ಮನೆಗಳು, ಜಯನಗರದ ಅಂಗಡಿಗಳು, ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳು ಅಂತ ಸುತ್ತುತ್ತಾರೆ. ಇಪ್ಪತ್ತು ಲೀಟರಿನ ಒಂದು ಕ್ಯಾನ್ ಅಂದರೆ ನೀರಿನ ತೂಕವೇ ಇಪ್ಪತ್ತು ಕೇಜಿ. ಅಂಥವು ಅರವತ್ತು ಹಾಕಿದರೆ ಸಾವಿರದ ಇನ್ನೂರು ಕೇಜಿ. ದಿನಕ್ಕೆ ಎರಡು ಟ್ರಿಪ್, ಕೆಲವು ದಿನ ಮೂರು.

ಇಂಥ ಮನುಷ್ಯನಿಗೆ ಗಾಡಿ ಒಂದು ಕಡೆ ಎಳೆಯೋದು ಅಂದರೆ ಬರೀ ಕಿರಿಕಿರಿಯ ವಿಷಯ ಅಲ್ಲ. ನಾವು ರಸ್ತೆಯ ಎಡಕ್ಕೆ ಓಡಿಸುವವರು. ಬಲಕ್ಕೆ ಎಳೆದರೆ ಗಾಡಿ ವಾಲೋದು ಎದುರಿನ ಗಾಡಿಗಳ ಕಡೆಗೆ, ಇಲ್ಲಾ ಬಲಗಡೆಯಿಂದ ಓವರ್‌ಟೇಕ್ ಮಾಡ್ತಿರೋ ಸ್ಕೂಟರಿನ ಕಡೆಗೆ. ಬನಶಂಕರಿ ದೇವಸ್ಥಾನದ ಹತ್ತಿರ ಒಂದು ದಿನ ಹಾಗೇ ಆಗಿತ್ತಂತೆ. ಒಂದು ಕ್ಷಣ ಕೈ ಸಡಿಲ ಬಿಟ್ಟಿದ್ದಾರೆ, ಪಕ್ಕದಲ್ಲಿ ಬರ್ತಿದ್ದ ಹುಡುಗಿಯ ಸ್ಕೂಟರಿನ ಕನ್ನಡಿಗೆ ಗಾಡಿಯ ಮೈ ಸವರಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಮಾವ ಊಟ ಮಾಡಲಿಲ್ಲ ಅಂತ ಅತ್ತೆ ಅಮ್ಮನಿಗೆ ಫೋನ್ ಮಾಡಿ ಹೇಳಿದರು.

ಆಮೇಲೆ ಬಲಭುಜದ ನೋವು ಶುರುವಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ವಯಸ್ಸಾಯ್ತಲ್ಲ ಯಜಮಾನ್ರೇ" ಅಂದರಂತೆ. ಮಾವನ ಮಗ, "ಸಾಕು ಬಿಡಪ್ಪ, ಗಾಡಿ ಮಾರ್ಬಿಡೋಣ" ಅಂದ. ಅವನದೂ ತಪ್ಪಿಲ್ಲ, ಅಪ್ಪನ ಮೇಲಿನ ಕಾಳಜಿ. ಕೊಳ್ಳೋಕೆ ಒಬ್ಬರು ಬಂದು ನೋಡಿಕೊಂಡೂ ಹೋದರು. ನಾನು ಆ ಭಾನುವಾರ ಮನೆಗೆ ಹೋದಾಗ ಮಾವ ಹೇಳಿದ್ದು ಇಷ್ಟೇ: "ಕೈ ಹಿಡಿತ ಹೋಯ್ತು ಕಣೋ. ಗಾಡಿ ನೆಟ್ಟಗೆ ಹಿಡಿಯೋಕೆ ಆಗ್ತಿಲ್ಲ ನಂಗೆ."

ನಾನು ಓದಿದ್ದು ಇಂಜಿನಿಯರಿಂಗ್ ಆದರೂ ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್. ನಮ್ಮ ನೆಂಟರಿಗೆಲ್ಲ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಪ್ರಿಂಟರ್ ರಿಪೇರಿ ಮಾಡೋನು ಅಂತ :-) ಹಾಗಾಗಿ ಗಾಡಿ ವಿಷಯದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಆದರೆ ಕೆಟ್ಟದ್ದರ ಮೂಲ ಹುಡುಕೋ ಕೆಲಸಕ್ಕೇ ನನಗೆ ತಿಂಗಳ ಸಂಬಳ ಬರೋದು. ಆಫೀಸಿನಲ್ಲಿ ಯಾರಾದರೂ "ವರ್ಕ್ ಆಗ್ತಿಲ್ಲ" ಅಂತ ಒಂದೇ ಸಾಲಿನ ಬಗ್ ಕಳಿಸಿದರೆ ನಾವು ಮೊದಲು ಕೋಡ್ ಮುಟ್ಟೋದಿಲ್ಲ. ಯಾವಾಗ, ಎಲ್ಲಿ, ಪ್ರತಿ ಸಲಾನಾ, ಯಾವತ್ತಿಂದ ಅಂತ ಕೇಳ್ತೀವಿ. ಮಾವನನ್ನೂ ಹಾಗೇ ಕೂರಿಸಿಕೊಂಡು ಕೇಳಿದೆ.

ಬ್ರೇಕ್ ಒತ್ತಿದಾಗ ಮಾತ್ರಾನಾ? ಇಲ್ಲ, ಯಾವಾಗಲೂ. ಲೋಡ್ ಇದ್ದಾಗ ಮಾತ್ರಾನಾ? ಖಾಲಿ ಇದ್ದಾಗಲೂ. ಒಂದೇ ರಸ್ತೆಯಲ್ಲಾ? ಎಲ್ಲಾ ರಸ್ತೆಯಲ್ಲೂ. ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಹೇಗಿರುತ್ತೆ? ಇದಕ್ಕೆ ಮಾವ ಸ್ವಲ್ಪ ಯೋಚನೆ ಮಾಡಿ, ಗಾಳಿಯಲ್ಲೇ ಸ್ಟೇರಿಂಗ್ ಹಿಡಿದು ತೋರಿಸಿದರು. ಸ್ಟೇರಿಂಗ್ ಸ್ವಲ್ಪ ಎಡಕ್ಕೆ ತಿರುಗಿತ್ತು, ಗಡಿಯಾರದಲ್ಲಿ ಹನ್ನೆರಡರ ಬದಲು ಹನ್ನೊಂದೂವರೆಗೆ ಮುಳ್ಳಿದ್ದ ಹಾಗೆ. "ಹಿಂಗ್ ಹಿಡ್ಕೊಂಡಿದ್ರೆ ನೆಟ್ಟಗೆ ಹೋಗುತ್ತೆ. ಬಿಟ್ರೆ ಬಲಕ್ಕೆ." ಎಡಗೈ ಗೇರಿಗೆ ಹೋಗಿ ಬರ್ತಾ ಇರುತ್ತಲ್ಲ, ಹಾಗಾಗಿ ದಿನವಿಡೀ ಹಾಗೆ ಎತ್ತಿ ಹಿಡಿದುಕೊಂಡಿದ್ದು ಬಲಗೈ. ಭುಜದ ನೋವು ಎಲ್ಲಿಂದ ಬಂತು ಅಂತ ನನಗೆ ಅಲ್ಲೇ ಅರ್ಧ ಗೊತ್ತಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ರಸ್ತೆಗಳು ಸಪಾಟಾಗಿರೋದಿಲ್ಲ. ಮಳೆನೀರು ನಿಲ್ಲದೆ ಮೋರಿಗೆ ಹರಿಯಲಿ ಅಂತ ನಡುವೆ ಎತ್ತರ, ಅಂಚಿನಲ್ಲಿ ತಗ್ಗು ಮಾಡಿರ್ತಾರೆ. ಡಾಂಬರು ರಸ್ತೆಯಲ್ಲಿ ಈ ಇಳಿಜಾರು ನೂರು ಅಡಿ ಅಗಲಕ್ಕೆ ಎರಡು ಅಡಿಯ ಲೆಕ್ಕದಲ್ಲಿರುತ್ತೆ. ಎಡಗಡೆ ಓಡಿಸೋ ನಮ್ಮಂಥವರ ಗಾಡಿ ಕೈ ಬಿಟ್ಟರೆ ನಿಧಾನಕ್ಕೆ ಎಡಕ್ಕೆ ಜಾರೋದು ಸಹಜ, ಅದು ರೋಗ ಅಲ್ಲ. ಆದರೆ ಮಾವನ ಗಾಡಿ ಆ ಇಳಿಜಾರನ್ನೂ ಮೀರಿ ಬಲಕ್ಕೆ ಹೋಗ್ತಿತ್ತು. ಅಂದರೆ ಎಳೆತ ಸಣ್ಣದಲ್ಲ.

ಮಾವ ಹಳೇ ಪ್ರಿಂಟ್ ಔಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಮೂರು ಅಲೈನ್‌ಮೆಂಟಿನ ಮೂರು ಹಾಳೆ. ಆ ಹಾಳೆಯಲ್ಲಿ ಬರೋ ಮೂರು ಪದಗಳನ್ನ ಒಮ್ಮೆ ಹೇಳಿಬಿಡ್ತೀನಿ, ಯಾಕಂದರೆ ದುಡ್ಡು ಕೊಡುವ ನಮಗೆ ಯಾರೂ ಇದನ್ನು ಹೇಳೋದಿಲ್ಲ.

ಮೊದಲನೇದು ಟೋ. ನೀವು ನಿಂತುಕೊಂಡು ಎರಡೂ ಪಾದದ ಬೆರಳುಗಳನ್ನು ಒಳಕ್ಕೆ ಅಥವಾ ಹೊರಕ್ಕೆ ತಿರುಗಿಸಿದ ಹಾಗೆ, ಮುಂದಿನ ಎರಡು ಚಕ್ರ ಒಂದಕ್ಕೊಂದು ಎಷ್ಟು ಒಳಮುಖ, ಎಷ್ಟು ಹೊರಮುಖ ಅನ್ನೋದು. ಎರಡನೇದು ಕ್ಯಾಂಬರ್. ಮುಂದೆ ನಿಂತು ನೋಡಿದರೆ ಚಕ್ರದ ತಲೆ ಹೊರಕ್ಕೆ ವಾಲಿದೆಯೋ ಒಳಕ್ಕೆ ವಾಲಿದೆಯೋ ಅನ್ನೋದು. ಮೂರನೇದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಓರೆಯಾಗಿರುತ್ತಲ್ಲ, ಆ ಓರೆ. ಅದು ಇರೋದರಿಂದಲೇ ಚಿಕ್ಕವರಿದ್ದಾಗ ಕೈ ಬಿಟ್ಟು ಸೈಕಲ್ ಹೊಡೆಯೋಕೆ ಆಗ್ತಿತ್ತು, ಹ್ಯಾಂಡಲ್ ತಾನಾಗೇ ನೆಟ್ಟಗಾಗುತ್ತೆ.

ಈ ಮೂರರಲ್ಲಿ ಅಂಗಡಿಯಲ್ಲಿ ದಿನಾ ತಿರುಗಿಸೋದು ಟೋ. ಆದರೆ ಟೋ ಕೆಟ್ಟರೆ ಆಗೋ ದೊಡ್ಡ ನಷ್ಟ ಟೈರ್ ಸವೆತ. ಎರಡು ಚಕ್ರಗಳಿಗೂ ನಡುವೆ ಸರಳಿನ ಸಂಬಂಧ ಇರೋದರಿಂದ ಇದು ಅತ್ತ ಎಳೆದರೆ ಅದು ಇತ್ತ ಎಳೆದು ಲೆಕ್ಕ ಚುಕ್ತಾ ಆಗುತ್ತೆ, ಗಾಡಿ ಒಂದೇ ಕಡೆಗೆ ಹೋಗಲ್ಲ. ಗಾಡಿಯನ್ನು ಒಂದು ಕಡೆಗೆ ಎಳೆಯೋದು ಎಡಬಲದ ಕ್ಯಾಂಬರ್, ಕ್ಯಾಸ್ಟರುಗಳ ನಡುವಿನ ವ್ಯತ್ಯಾಸ. ಯಾವ ಚಕ್ರದ ತಲೆ ಹೆಚ್ಚು ಹೊರಕ್ಕೆ ವಾಲಿದೆಯೋ ಆ ಕಡೆಗೆ, ಯಾವ ಕಡೆ ಕ್ಯಾಸ್ಟರ್ ಕಡಿಮೆಯೋ ಆ ಕಡೆಗೆ. ಮಾವನ ಹಾಳೆಗಳಲ್ಲಿ ಎಡಬಲದ ಈ ಅಂಕಿಗಳು ಹತ್ತಿರ ಹತ್ತಿರ ಒಂದೇ ಇದ್ದವು. ಮೂರೂ ಸಲ ಟೋ ಸರಿ ಮಾಡಿ ಕಳಿಸಿದ್ದರು, ಮೂರೂ ಸಲ ಎಲ್ಲಾ ಅಂಕಿ ಹಸಿರು ಬಣ್ಣದಲ್ಲಿ ನಗ್ತಾ ಇದ್ದವು.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಹಿಂದಿನ ಚಕ್ರಗಳ ಜಾಗ ಮೂರೂ ಹಾಳೆಯಲ್ಲಿ ಖಾಲಿ. ಕಾರಣ ಸರಳ. ಪಿಕಪ್ಪಿನ ಹಿಂದೆ ಇರೋದು ಒಂದೇ ಗಟ್ಟಿ ಆಕ್ಸಲ್, ಅಲ್ಲಿ ತಿರುಗಿಸಿ ಹೊಂದಿಸೋಕೆ ಒಂದು ನಟ್ಟೂ ಇಲ್ಲ. ಹೊಂದಿಸೋಕೆ ಏನೂ ಇಲ್ಲ ಅಂದಮೇಲೆ ಅಳೆಯೋದು ಯಾಕೆ ಅಂತ ಬಿಟ್ಟಿದ್ದಾರೆ. ನಾನು ಇದನ್ನು ಮನಸ್ಸಿನಲ್ಲಿ ಒಂದು ಕಡೆ ಬರೆದಿಟ್ಟುಕೊಂಡೆ. ಆದರೆ ತಕ್ಷಣ ಗಾಡಿಯ ಕೆಳಗೆ ನುಗ್ಗಲಿಲ್ಲ. ಕಡಿಮೆ ಖರ್ಚಿನ ಪರೀಕ್ಷೆ ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ದೇವರಾಣೆಗೂ ಗೊತ್ತಾಗಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೇ ಅಂಜನಾಪುರದ ಕಡೆ, ಇನ್ನೂ ಮನೆಗಳೆದ್ದಿರದ ಒಂದು ಅಗಲವಾದ ಖಾಲಿ ರಸ್ತೆಗೆ ಹೋದೆವು. ಅತ್ತೆ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಅವರೇಕಾಳು ಉಪ್ಪಿಟ್ಟು ಹಾಕಿಕೊಟ್ಟಿದ್ದರು. ಏನೋ ಪಿಕ್‌ನಿಕ್ಕಿಗೆ ಹೊರಟ ಹಾಗೆ.

ಮೊದಲು ಗಾಳಿ. ಟೈರ್ ತಣ್ಣಗಿರುವಾಗಲೇ ಗೇಜ್ ಹಾಕಿ ನೋಡಬೇಕು, ಬಿಸಿಯಾದ ಮೇಲೆ ಅಂಕಿ ಏರಿರುತ್ತೆ. ಗಾಳಿ ಕಡಿಮೆ ಇರೋ ಕಡೆಗೆ ಗಾಡಿ ಎಳೆಯುತ್ತೆ. ಎಡ ಬಲ ಎರಡೂ ಒಂದೇ ಇತ್ತು. ಗಾಳಿ ಅಲ್ಲ.

ಎರಡನೇದು ಟೈರ್. ಹೊಸ ಟೈರು ಅಂದಮಾತ್ರಕ್ಕೆ ಸಾಚಾ ಅಂತೇನಲ್ಲ. ಒಳಗಿನ ಪದರ ಒಂಚೂರು ಆಚೀಚೆ ಕೂತಿದ್ದರೆ ನೋಡೋಕೆ ದುಂಡಗೇ ಕಂಡರೂ ಟೈರ್ ಉರುಳೋದು ಶಂಕುವಿನ ಹಾಗೆ. ಟೀ ಕುಡಿಯೋ ಪೇಪರ್ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ, ನೆಟ್ಟಗೆ ಹೋಗದೆ ಸುತ್ತು ಹೊಡೆಯುತ್ತೆ. ಟೈರೂ ಹಾಗೇ ಮಾಡುತ್ತೆ. ಪರೀಕ್ಷೆ ಬಹಳ ಸುಲಭ, ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡೋದು. (ಒಂದೇ ದಿಕ್ಕಿಗೆ ತಿರುಗಬೇಕು ಅಂತ ಬಾಣದ ಗುರುತಿರೋ ಟೈರುಗಳನ್ನು ಮಾತ್ರ ಹೀಗೆ ಮಾಡಬಾರದು.) ಎಳೆತ ಬಲದಿಂದ ಎಡಕ್ಕೆ ಬದಲಾದರೆ ಕಳ್ಳ ಟೈರೇ. ಜಾಕ್ ಹಾಕಿ ಅರ್ಧ ಗಂಟೆಯಲ್ಲಿ ಬದಲಾಯಿಸಿದೆವು. ಮಾವ ಒಂದು ರೌಂಡ್ ಹೋಗಿ ಬಂದು ಕಿಟಕಿಯಿಂದಲೇ ತಲೆ ಆಡಿಸಿದರು. ಬಲಕ್ಕೇ.

ಮೂರನೇದು ಬ್ರೇಕ್. ಒಂದು ಚಕ್ರದ ಬ್ರೇಕ್ ಹಿಡಿದು ಬಿಡದೇ ಇದ್ದರೆ ಗಾಡಿ ಆ ಕಡೆಗೆ ಎಳೆಯುತ್ತೆ. ಎರಡು ಕಿಲೋಮೀಟರು ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ನಿಲ್ಲಿಸಿ, ಪ್ರತಿ ಚಕ್ರದ ರಿಮ್ಮಿನ ಹತ್ತಿರ ಅಂಗೈಯ ಹಿಂಬದಿ ಹಿಡಿದು ಶಾಖ ನೋಡಿದೆವು. ನೇರವಾಗಿ ಮುಟ್ಟಬೇಡಿ, ಹಿಡಿದುಕೊಂಡಿರೋ ಬ್ರೇಕಿನ ಚಕ್ರ ಕೈ ಸುಡುವಷ್ಟು ಕಾದಿರುತ್ತೆ. ನಾಲ್ಕೂ ಒಂದೇ ತರ ಬೆಚ್ಚಗಿದ್ದವು. ಜಾಕ್ ಮೇಲೆ ಕೈಯಲ್ಲಿ ತಿರುಗಿಸಿದರೆ ಎರಡೂ ಮುಂದಿನ ಚಕ್ರ ಸಲೀಸಾಗಿ ತಿರುಗಿದವು. ಬ್ರೇಕೂ ಅಲ್ಲ.

ನಾಲ್ಕನೇದು ಆಟ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದ್ದರೆ ಗೊತ್ತಾಗುತ್ತೆ. ಎಡ ಬಲ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ತುದಿಯ ಆಟ ಗೊತ್ತಾಗುತ್ತೆ. ಟಕ್ ಅನ್ನೋ ಸದ್ದು ಎಲ್ಲೂ ಬರಲಿಲ್ಲ.

ಇಷ್ಟು ಹೊತ್ತಿಗೆ ಬಿಸಿಲೇರಿತ್ತು, ಉಪ್ಪಿಟ್ಟು ಖಾಲಿಯಾಗಿತ್ತು. ಮಾವ ಸ್ಟೆಪ್ನಿ ಮೇಲೆ ಕೂತು, "ನೋಡಿದ್ಯಾ? ಗಾಡೀಲಿ ಏನೂ ಇಲ್ಲ. ನಾನು ಹೇಳ್ಲಿಲ್ವಾ" ಅಂದರು. ಆ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಒಂದೊಂದು ಪರೀಕ್ಷೆ ಪಾಸಾದ ಹಾಗೆಲ್ಲ ಅಪರಾಧ ತಮ್ಮ ಕೈಯ ಕಡೆಗೇ ಬರ್ತಿದೆ ಅನ್ನೋ ಹಾಗೆ ಅವರ ಮುಖ ಸಣ್ಣಗಾಗ್ತಾ ಇತ್ತು. ನಾನು ಸ್ಟೇರಿಂಗ್ ಹಿಡಿದು ಒಂದು ರೌಂಡ್ ಹೋಗಿ ಬಂದೆ. ನನಗೂ ಬಲಕ್ಕೇ ಎಳೆಯಿತು. "ಮಾವ, ನನ್ನ ಕೈಗೂ ವಯಸ್ಸಾಯ್ತಾ ಹಾಗಾದ್ರೆ?" ಅಂದೆ. ನಗಲಿಲ್ಲ. "ನಿಂಗೆ ಅಭ್ಯಾಸ ಇಲ್ಲ ಬಿಡು" ಅಂದರು.

ಆಗ ಉಳಿದಿದ್ದು ಆ ಖಾಲಿ ಕಾಲಂ, ಹಿಂದಿನ ಚಕ್ರಗಳು.

ಇದಕ್ಕೆ ಯಾವ ಮಷೀನೂ ಬೇಕಾಗಲಿಲ್ಲ. ಮಾವನ ಗಾಡಿಯಲ್ಲಿ ಯಾವಾಗಲೂ ಇರೋ ವಸ್ತು, ನೀರು. ಒಂದು ಕ್ಯಾನ್ ತೆಗೆದು ರಸ್ತೆಗೆ ಅಡ್ಡಲಾಗಿ ಸುರಿದು, ಅದರ ಮೇಲೆ ಗಾಡಿಯನ್ನು ನಿಧಾನವಾಗಿ, ನೆಟ್ಟಗೆ ಓಡಿಸಲು ಹೇಳಿದೆ. ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರಗಳ ಒದ್ದೆ ಗುರುತು ಮೂಡಿತು. ಸರಿಯಾಗಿರೋ ಗಾಡಿಯಲ್ಲಿ ಹಿಂದಿನ ಚಕ್ರದ ಗುರುತು ಮುಂದಿನದಕ್ಕೆ ಎರಡೂ ಕಡೆ ಸಮನಾಗಿ ಕೂರಬೇಕು. ಇಲ್ಲಿ ಎಡಗಡೆ ಹಿಂದಿನ ಚಕ್ರದ ಗುರುತು ಹೊರಗೆ ಚಾಚಿಕೊಂಡಿತ್ತು, ಬಲಗಡೆ ಒಳಗೆ ಸರಿದಿತ್ತು. ಅಂದರೆ ಗಾಡಿಯ ಹಿಂಭಾಗ ಇಡಿಯಾಗಿ ಎಡಕ್ಕೆ ಸರಿದುಕೊಂಡು ಓಡ್ತಾ ಇದೆ. ಮೂತಿ ಒಂದು ಕಡೆ, ಬಾಲ ಒಂದು ಕಡೆ, ಬೀದಿ ನಾಯಿ ಓರೆಯಾಗಿ ಓಡುತ್ತಲ್ಲ, ಥೇಟ್ ಹಾಗೆ.

ಮಾವ ಎದ್ದು ಬಂದು ಆ ಗುರುತನ್ನು ಬಗ್ಗಿ ನೋಡಿದರು. ಒಣಗೋವರೆಗೂ ನೋಡ್ತಾ ನಿಂತಿದ್ದರು. ಆಮೇಲೆ, "ಇನ್ನೊಂದ್ಸಲ ಸುರಿ" ಅಂದರು.

ಮನೆಗೆ ಬಂದು ಅಳತೆ. ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯಿಂದ ತೂಗುಗುಂಡು ಇಸಕೊಂಡು ಬಂದೆ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಮುಂದಿನ ಚಕ್ರ ನೆಟ್ಟಗೆ ಮಾಡಿ, ಪ್ರತಿ ಚಕ್ರದ ನಡುಮಧ್ಯದಿಂದ ದಾರ ಇಳಿಬಿಟ್ಟು, ಗುಂಡು ನಿಂತ ಕಡೆ ಸೀಮೆಸುಣ್ಣದಲ್ಲಿ ಗುರುತು. ಆಮೇಲೆ ಟೇಪು ಹಿಡಿದು ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಡಗಡೆ ಎಷ್ಟು, ಬಲಗಡೆ ಎಷ್ಟು ಅಂತ ನೋಡೋದು. ಎಡಗಡೆ ಇಪ್ಪತ್ತೊಂದು ಮಿಲಿಮೀಟರು ಜಾಸ್ತಿ. ಗಾಡಿ ಹಿಂದೆ ಮುಂದೆ ತಳ್ಳಿ ಮತ್ತೆ ಅಳೆದೆವು, ಅದೇ. ಮೂರನೇ ಸಲವೂ ಅದೇ. ಆದರೆ ಇಷ್ಟರಿಂದಲೇ ಹಿಂದಿನದ್ದು ಸರಿದಿದೆ ಅಂತ ಹೇಳೋಕೆ ಬರಲ್ಲ, ಮುಂದಿನದೇ ಒಂದು ಕಡೆ ಮುಂದೆ ಹೋಗಿರಬಹುದು. ಅದಕ್ಕೇ ಛಾಸಿಯಲ್ಲಿ ಅಲುಗಾಡದ ಒಂದು ಜಾಗ ಹಿಡಿದೆವು, ಹಿಂದಿನ ಪಾಟಾ ಛಾಸಿಗೆ ಸೇರೋ ಮುಂತುದಿಯ ಪಿನ್ನು. ಅಲ್ಲಿಂದ ಆಕ್ಸಲ್‌ಗೆ ಎರಡೂ ಕಡೆ ಅಳೆದಾಗಲೂ ಎಡಗಡೆ ಅಷ್ಟೇ ಜಾಸ್ತಿ. ಈಗ ಅನುಮಾನ ಉಳಿಯಲಿಲ್ಲ. ಹಿಂದಿನ ಆಕ್ಸಲ್ ಎಡಗಡೆ ಹಿಂದಕ್ಕೆ ಜಾರಿತ್ತು.

ಇಪ್ಪತ್ತೊಂದು ಮಿಲಿಮೀಟರು ಅಂದರೆ ಎರಡು ಬೆರಳಿನ ಅಗಲವೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎರಡು ಹಿಂದಿನ ಚಕ್ರಗಳ ನಡುವೆ ಸುಮಾರು ಸಾವಿರದ ನಾನೂರು ಮಿಲಿಮೀಟರು ದೂರ. ಅಷ್ಟಕ್ಕೆ ಇಪ್ಪತ್ತೊಂದು ಅಂದರೆ ನೂರಕ್ಕೆ ಒಂದೂವರೆ. ಹಿಂದಿನ ಚಕ್ರಗಳು ಮುಖ ಮಾಡಿರೋ ದಿಕ್ಕಿಗೇ ನೂರು ಮೀಟರ್ ಹೋದರೆ, ಗಾಡಿಯ ನಡುಗೆರೆಯಿಂದ ಒಂದೂವರೆ ಮೀಟರು ಎಡಕ್ಕೆ. ಹಿಂದಿನ ಚಕ್ರ ಬಾಲವನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ತಿರುಗದೆ ಇನ್ನೇನು ಮಾಡೀತು? ಅದನ್ನು ನೆಟ್ಟಗೆ ಮಾಡಬೇಕಾದರೆ ಮುಂದಿನ ಚಕ್ರವನ್ನೂ ಅಷ್ಟೇ ಎಡಕ್ಕೆ ತಿರುಗಿಸಿ ಹಿಡಿಯಬೇಕು. ಮಾವ ಗಾಳಿಯಲ್ಲಿ ತೋರಿಸಿದ ಆ ಹನ್ನೊಂದೂವರೆ ಗಂಟೆ ಅದೇ.

ಕನಕಪುರ ರಸ್ತೆ ಬದಿಯ ಒಂದು ಪಾಟಾ ಅಂಗಡಿಗೆ ಗಾಡಿ ತಗೊಂಡು ಹೋದೆವು. ಪಾಟಾ ಅಂದರೆ ಲೀಫ್ ಸ್ಪ್ರಿಂಗ್, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಅವೆಲ್ಲದರ ನಡುವೆ ತೂರಿ ಬಿಗಿಯೋದು ಒಂದು ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲ್ ಮೇಲಿನ ಒಂದು ತೂತಿನಲ್ಲಿ ಕೂತಿರುತ್ತೆ. ಆಕ್ಸಲ್ ಎಲ್ಲಿ ನಿಲ್ಲಬೇಕು ಅಂತ ತೋರಿಸೋ ಗುರುತು ಅದು. ಆದರೆ ಹಿಡಿದುಕೊಳ್ಳೋ ಕೆಲಸ ಅದರದ್ದಲ್ಲ. ಪಾಟಾ ಮತ್ತು ಆಕ್ಸಲ್ ಎರಡನ್ನೂ ಒತ್ತಿ ಹಿಡಿಯೋದು ಎರಡು ಯು ಬೋಲ್ಟುಗಳು. ಅವು ಸಡಿಲವಾದರೆ ಪ್ರತಿ ಬ್ರೇಕಿಗೂ, ಪ್ರತಿ ಗುಂಡಿಗೂ, ಪ್ರತಿ ಹಂಪಿಗೂ ಆಕ್ಸಲ್ ಹಿಂದಕ್ಕೆ ಒದ್ದಾಡುತ್ತೆ, ಆ ಒದೆಯೆಲ್ಲ ಬೀಳೋದು ಪಾಪದ ಸೆಂಟರ್ ಬೋಲ್ಟಿಗೆ. ಸಾವಿರದ ಇನ್ನೂರು ಕೇಜಿ ನೀರು ಹೊತ್ತುಕೊಂಡು ನಮ್ಮ ಲೇಔಟುಗಳ ಹಂಪುಗಳನ್ನು ದಿನಕ್ಕೆ ಎಷ್ಟು ಸಲ ಹಾರಬೇಕು ಅಂತ ನೀವೇ ಊಹಿಸಿ. ಒಂದು ದಿನ ಅದು ಕತ್ತರಿಸಿದೆ.

ಮೇಸ್ತ್ರಿ ಕೆಳಗೆ ತೂರಿ ಟಾರ್ಚ್ ಬಿಟ್ಟು ನೋಡಿ, ನಮ್ಮನ್ನೂ ಕರೆದರು. ಎಡಗಡೆ ಆಕ್ಸಲ್ ಮೇಲೆ, ಮಸಿ ಮಣ್ಣಿನ ನಡುವೆ, ಹೊಸದಾಗಿ ಉಜ್ಜಿದ ಹಾಗೆ ಹೊಳೆಯೋ ಒಂದು ಬೆಳ್ಳನೆ ಪಟ್ಟಿ. ಆಕ್ಸಲ್ ಜಾರಿದ ದಾರಿ ಅದು. ಪಾಟಾ ಬಿಚ್ಚಿದ ಮೇಲೆ ಸೆಂಟರ್ ಬೋಲ್ಟ್ ಎರಡು ತುಂಡಾಗಿ ಕೈಗೆ ಬಂತು. "ಎಲ್ರೂ ಮುಂದಿನ್ ಚಕ್ರಾನೇ ನೋಡ್ತಾರೆ ಸಾರ್. ಸ್ಟೇರಿಂಗ್ ಅಲ್ಲಿರುತ್ತಲ್ಲ" ಅಂದರು ಮೇಸ್ತ್ರಿ. ಮಾವ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು.

"ಅಂದ್ರೆ ನಾನು ಸರಿಯಾಗೇ ಓಡಿಸ್ತಿದ್ದೆ."

ಹೌದು ಮಾವ. ಸರಿಯಾಗಿ ಅಲ್ಲ, ಅದ್ಭುತವಾಗಿ. ಹಿಂದಿನ ಆಕ್ಸಲ್ ಓರೆಯಾಗಿರೋ ಗಾಡಿಯನ್ನು ಐದು ತಿಂಗಳು, ಒಂದು ಟನ್ನಿಗಿಂತ ಜಾಸ್ತಿ ಭಾರ ಹೊತ್ತು, ಜಯನಗರ ನಾಲ್ಕನೇ ಬ್ಲಾಕಿನ ಜನಸಂದಣಿಯಲ್ಲಿ ನೆಟ್ಟಗೆ ಓಡಿಸೋದು ಹಿಡಿತ ಹೋದ ಕೈಯಿಂದ ಆಗೋ ಕೆಲಸವೇ ಅಲ್ಲ.

ಮೇಸ್ತ್ರಿ ಕೆಲಸ ಮಾಡ್ತಿರುವಾಗ ಪಕ್ಕದ ಗೂಡಂಗಡಿಯಲ್ಲಿ ಟೀ ಕುಡೀತಾ ಮಾವ ಹಳೇ ಕಥೆ ಒಂದು ಹೇಳಿದರು. ನಮ್ಮ ತಾತನಿಗೆ ಎತ್ತಿನ ಗಾಡಿ ಇತ್ತು. ಗಾಡಿಯ ಅಚ್ಚು ಮೂಕಿಗೆ ಸರಿಯಾಗಿ ಅಡ್ಡಡ್ಡ ಇಲ್ಲದೆ ಓರೆಯಾದರೆ ಗಾಡಿ ಒಂದು ಕಡೆಗೆ ಎಳೆಯುತ್ತೆ. ಆದರೆ ಗಾಡಿ ಹೊಡೆಯೋನಿಗೆ ಅದು ಗೊತ್ತಾಗಲ್ಲ, ಯಾಕಂದರೆ ಎತ್ತು ಅದನ್ನು ತಡ್ಕೊಂಡು ನೆಟ್ಟಗೇ ನಡೆಯುತ್ತೆ. ಅದಕ್ಕೇ ತಾತ ಸಂಜೆ ನೊಗ ಇಳಿಸಿದ ಕೂಡಲೇ ಎರಡೂ ಎತ್ತಿನ ಹೆಗಲು ಮುಟ್ಟಿ ನೋಡ್ತಿದ್ದರಂತೆ. ಒಂದರ ಹೆಗಲು ಮಾತ್ರ ಕೆಂಪಗಾಗಿದ್ದರೆ ಎತ್ತಿಗೆ ಬೈಯ್ತಿರಲಿಲ್ಲ, ಅಚ್ಚು ನೋಡ್ತಿದ್ದರಂತೆ. ಇಷ್ಟು ಹೇಳಿ ಮಾವ ತಮ್ಮ ಬಲಭುಜ ಉಜ್ಜಿಕೊಂಡು ನಕ್ಕರು. ಐದು ತಿಂಗಳಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ರಿಪೇರಿಯ ವಿಷಯ. ಸೆಂಟರ್ ಬೋಲ್ಟಿನ ಬೆಲೆ ಒಂದು ಮಸಾಲೆ ದೋಸೆ, ಒಂದು ಕಾಫಿಯಷ್ಟು. ಆದರೆ ಅದೊಂದನ್ನೇ ಬದಲಾಯಿಸಿದರೆ ಮತ್ತೆ ಕತ್ತರಿಸುತ್ತೆ. ಕತ್ತರಿಸಿದ್ದಕ್ಕೆ ಮೂಲ ಕಾರಣ ಯು ಬೋಲ್ಟ್ ಸಡಿಲ ಆಗಿದ್ದು. ಹಾಗಾಗಿ ಜೆ.ಸಿ. ರಸ್ತೆಯಿಂದ ಎರಡೂ ಕಡೆಗೂ ಹೊಸ ಯು ಬೋಲ್ಟ್, ಹೊಸ ನಟ್ಟು ತಂದು ಹಾಕಿಸಿದೆವು. ಒಮ್ಮೆ ಬಿಗಿದು ಬಿಚ್ಚಿದ ಯು ಬೋಲ್ಟು ಎಳೆದುಕೊಂಡಿರುತ್ತೆ, ಹಳೇದನ್ನೇ ಹಾಕೋದು ಉಳಿತಾಯ ಅಲ್ಲ. ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಂದು ಬಿಗಿಸಿಕೊಂಡು ಹೋಗಿ ಅಂತ ಮೇಸ್ತ್ರಿ ಒತ್ತಿ ಹೇಳಿದರು, ಮಾವ ಹಾಗೇ ಮಾಡಿದರು. ಕೊನೆಗೆ ಮತ್ತೊಂದು ಸಲ ಅಲೈನ್‌ಮೆಂಟ್, ಈ ಸಲ ಹಿಂದಿನ ಚಕ್ರದ ಕಾಲಮ್ಮನ್ನೂ ತುಂಬಿಸಿಕೊಂಡು! ಈಗ ಗಾಡಿ ನೆಟ್ಟಗೆ ಹೋಗುತ್ತೆ, ಕೈ ಸಡಿಲ ಬಿಟ್ಟರೆ ರಸ್ತೆಯ ಇಳಿಜಾರಿಗೆ ತಕ್ಕ ಹಾಗೆ ಒಂಚೂರು ಎಡಕ್ಕೆ. ಇರಬೇಕಾದ್ದೇ ಹಾಗೆ. ಭುಜದ ನೋವು ಹೋಗೋಕೆ ಎರಡು ತಿಂಗಳು ಹಿಡಿಯಿತು. ಗಾಡಿ ಮಾರಲಿಲ್ಲ.

ಇದಾದ ಮೇಲೆ ನಾನು ತುಂಬಾ ಯೋಚನೆ ಮಾಡಿದ್ದು ಗಾಡಿಯ ಬಗ್ಗೆ ಅಲ್ಲ. ದೋಷ ಐದು ತಿಂಗಳು ಯಾಕೆ ಸಿಗಲಿಲ್ಲ? ಮಾವ ಕೆಟ್ಟ ಡ್ರೈವರ್ ಆಗಿದ್ದರೆ ಮೊದಲನೇ ವಾರವೇ ಎಲ್ಲೋ ಗುದ್ದಿ, ಗಾಡಿ ಗ್ಯಾರೇಜಿಗೆ ಹೋಗಿ, ಯಾರೋ ಕೆಳಗೆ ತೂರಿ ನೋಡಿರುತ್ತಿದ್ದರು. ಅವರು ಒಳ್ಳೇ ಡ್ರೈವರ್ ಆಗಿದ್ದೇ ದೋಷವನ್ನು ಮುಚ್ಚಿಟ್ಟಿತ್ತು. ಗಾಡಿಯ ಓರೆಯನ್ನೆಲ್ಲ ಅವರ ಭುಜ ತಿಂದುಕೊಂಡು ರಸ್ತೆಗೆ ನೆಟ್ಟಗೆ ಮಾಡಿ ತೋರಿಸ್ತಿತ್ತು. ನಮ್ಮ ಆಫೀಸಿನಲ್ಲೂ ಇಂಥವರು ಒಬ್ಬರಿದ್ದರು. ಪ್ರತಿ ರಾತ್ರಿ ಓಡೋ ಒಂದು ಪ್ರೋಗ್ರಾಂ ತಪ್ಪು ಮಾಡಿದ್ದನ್ನು ಬೆಳಿಗ್ಗೆ ಎಂಟಕ್ಕೆ ಬಂದು ಕೈಯಲ್ಲಿ ಸರಿ ಮಾಡಿ ಯಾರಿಗೂ ಹೇಳದೆ ಸುಮ್ಮನಿರ್ತಿದ್ದರು. ಮಗಳ ಮದುವೆಗೆ ಅಂತ ಹತ್ತು ದಿನ ರಜೆ ಹಾಕಿದಾಗಲೇ ಆ ಪ್ರೋಗ್ರಾಂ ಕೆಟ್ಟಿದೆ ಅಂತ ಎಲ್ಲರಿಗೂ ಗೊತ್ತಾಗಿದ್ದು. ಅಲ್ಲಿವರೆಗೂ ಮೀಟಿಂಗಿನಲ್ಲಿ ಅವರಿಗೆ ಸಿಗ್ತಿದ್ದ ಬಿರುದು "ಸ್ವಲ್ಪ ನಿಧಾನ".

ಚೆನ್ನಾಗಿ ಸಹಿಸಿಕೊಳ್ಳೋರು ಸಿಕ್ಕರೆ ಕೆಟ್ಟದ್ದು ಅವರ ಹಿಂದೆ ಅಡಗಿ ಕೂತುಬಿಡುತ್ತೆ. ಆಮೇಲೆ ಸುಸ್ತಾದಾಗ ನಾವು ಅವರಿಗೇ ವಯಸ್ಸಾಯ್ತು ಅಂತೀವಿ. ಅವರೂ ಅದನ್ನೇ ನಂಬಿಬಿಡ್ತಾರೆ.

ಓದುಗರಲ್ಲಿ ಯಾರದ್ದಾದರೂ ಗಾಡಿ ಒಂದು ಕಡೆ ಎಳೀತಿದ್ದರೆ ಕ್ರಮ ಇಷ್ಟೇ. ಬ್ರೇಕ್ ಒತ್ತಿದಾಗ ಮಾತ್ರವೋ ಯಾವಾಗಲೂ ಅಂತಲೋ ಮೊದಲು ತಿಳಿದುಕೊಳ್ಳಿ. ತಣ್ಣಗಿರುವಾಗ ಗಾಳಿ ನೋಡಿ. ಮುಂದಿನ ಚಕ್ರ ಅದಲುಬದಲು ಮಾಡಿ ನೋಡಿ. ರಿಮ್ಮಿನ ಶಾಖ ನೋಡಿ. ಚಕ್ರ ಎತ್ತಿ ಆಟ ನೋಡಿ. ಅಲೈನ್‌ಮೆಂಟ್ ಮಾಡಿಸಿದರೆ ಹಾಳೆ ಕೇಳಿ ತಗೊಳ್ಳಿ, ಹಿಂದಿನ ಚಕ್ರದ ಅಂಕಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಒಂದು ಬಕೆಟ್ 물 ಸಾಕು.

ಮತ್ತೆ ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ನೀರಿನ ಕ್ಯಾನೋ ಗ್ಯಾಸ್ ಸಿಲಿಂಡರೋ ಇಳಿಸೋಕೆ ಬರ್ತಾರಲ್ಲ, ಅವರನ್ನು ಒಂದು ಮಾತು ಕೇಳಿ ನೋಡಿ, ಗಾಡಿ ಯಾವ ಕಡೆ ಎಳೆಯುತ್ತೆ ಅಂತ. ಕೇಳಿದ ತಕ್ಷಣ ಉತ್ತರ ಬರುತ್ತೆ. ಇಷ್ಟು ದಿನ ಯಾರೂ ಕೇಳಿರಲ್ಲ, ಅಷ್ಟೇ.